ಕಿಮೋ ನಡೆಯುತ್ತಿರುವಾಗ ರೇಕಿ ಮಾಡಿಸಬಹುದೇ?

ಪ್ರಶ್ನೆ: ಅಕ್ಕನಿಗೆ ಸ್ತನ ಕ್ಯಾನ್ಸರ್. ಆಪರೇಷನ್ ಆಗಿ ಈಗ ಕಿಮೋ ನಡೀತಾ ಇದೆ. ರಾತ್ರಿ ನಿದ್ದೆ ಇಲ್ಲ, ವಿಪರೀತ ಸುಸ್ತು, ಅದರ ಮೇಲೆ ಭಯ. ಪರಿಚಯದವರೊಬ್ಬರು ರೇಕಿ ಮಾಡಿಸಿ, ದೇಹದ ಶಕ್ತಿ ಸರಿಹೋದರೆ ಕಾಯಿಲೆ ತಾನಾಗಿಯೇ ಇಳಿಯುತ್ತೆ ಅಂತಾರೆ. ಮಾಡಿಸಬಹುದಾ? ಅದರಿಂದ ನಿಜಕ್ಕೂ ಏನಾದರೂ ಆಗುತ್ತಾ?

ಉತ್ತರ: ಅಕ್ಕನಿಗೆ ಇಷ್ಟವಿದ್ದರೆ ಮಾಡಿಸಿ. ನಿದ್ದೆಗೆ, ಭಯಕ್ಕೆ, ಮೈಯ ಬಿಗಿತಕ್ಕೆ ಒಂದಿಷ್ಟು ಹಿತವಾದೀತು. ಕಾಯಿಲೆ ಇಳಿಯುತ್ತದೆ ಎಂಬ ಮಾತನ್ನು ಮಾತ್ರ ನಂಬಬೇಡಿ, ಆ ನಂಬಿಕೆಯ ಮೇಲೆ ಒಂದೇ ಒಂದು ಕಿಮೋವನ್ನೂ ಮುಂದೆ ಹಾಕಬೇಡಿ. ಅಕ್ಕನ ಜಾಗದಲ್ಲಿ ಅಪ್ಪ, ಕ್ಯಾನ್ಸರಿನ ಜಾಗದಲ್ಲಿ ಮಂಡಿನೋವೋ ಖಿನ್ನತೆಯೋ ಆಗಿ ಇದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಹಾಗಾಗಿ ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ.

ಮೊದಲು, ಅಲ್ಲಿ ಏನು ನಡೆಯುತ್ತದೆ ಅಂತ ನೋಡೋಣ. ಅಕ್ಕ ಉಟ್ಟ ಬಟ್ಟೆಯಲ್ಲೇ ಮಲಗುತ್ತಾರೆ. ಬಟ್ಟೆ ತೆಗೆಯುವ ಅಗತ್ಯ ಇರುವುದಿಲ್ಲ, ಎಣ್ಣೆ ಹಚ್ಚುವುದಿಲ್ಲ, ತಿಕ್ಕುವುದಿಲ್ಲ. ರೇಕಿ ಮಾಡುವವರು, ಅಂದರೆ ಹೀಲರ್, ಎರಡೂ ಅಂಗೈಗಳನ್ನು ಕಣ್ಣಿನ ಮೇಲೆ, ಕಪಾಳದ ಪಕ್ಕ, ತಲೆಯ ಹಿಂಭಾಗದ ಕೆಳಗೆ, ಕುತ್ತಿಗೆಯ ಬಳಿ, ಹೊಟ್ಟೆಯ ಮೇಲೆ ಹೀಗೆ ಒಂದೊಂದು ಕಡೆ ಕೆಲವು ನಿಮಿಷ ಹಗುರವಾಗಿ ಇಡುತ್ತಾರೆ, ಇಲ್ಲವೇ ಮೈಗೆ ತಾಗದಂತೆ ತುಸು ಮೇಲೆ ಹಿಡಿಯುತ್ತಾರೆ. ಕೋಣೆಯಲ್ಲಿ ಬೆಳಕು ಕಡಿಮೆ, ಮಾತಿಲ್ಲ, ಫೋನಿಲ್ಲ. ಸಾಮಾನ್ಯವಾಗಿ ಮುಕ್ಕಾಲು ಗಂಟೆಯಿಂದ ಒಂದೂವರೆ ಗಂಟೆ. ಕಣ್ಣಿನ ಮೇಲೆ ಬೆಚ್ಚನೆಯ ಅಂಗೈ ಕೂತು ಎರಡು ನಿಮಿಷವಾಗುವಷ್ಟರಲ್ಲಿ ಹಲವರ ಉಸಿರು ತಾನಾಗಿ ನಿಧಾನವಾಗುತ್ತದೆ, ಗಂಟಿಕ್ಕಿದ್ದ ಹುಬ್ಬು ಸಡಿಲಾಗುತ್ತದೆ. ಕೆಲವರು ಅಲ್ಲೇ ನಿದ್ದೆ ಹೋಗುತ್ತಾರೆ. ಇದು ಕಣ್ಣಿಗೆ ಕಾಣುವ ಸತ್ಯ, ಇದನ್ನು ಯಾರೂ ಅಲ್ಲಗಳೆಯುತ್ತಿಲ್ಲ.

ತಕರಾರು ಇರುವುದು ಅದಕ್ಕೆ ಕೊಡುವ ಕಾರಣದ ಬಗ್ಗೆ. ಪ್ರಾಣಶಕ್ತಿ ಹೀಲರ್‌ನ ಕೈಯ ಮೂಲಕ ಹರಿದು ರೋಗಿಯ ಒಳಗಿನ ಅಡೆತಡೆ ತೆಗೆಯುತ್ತದೆ ಎನ್ನುವುದು ರೇಕಿಯ ವಿವರಣೆ. ಅಂಥ ಶಕ್ತಿಯನ್ನು ಈವರೆಗೆ ಯಾವ ಉಪಕರಣವೂ ಅಳೆದಿಲ್ಲ. ಉಪಕರಣಕ್ಕೆ ಸಿಗದೆ ಇರಬಹುದು, ನುರಿತ ಕೈಗೆ ಗೊತ್ತಾಗುತ್ತದಲ್ಲ ಎಂಬ ವಾದವೂ ಇದೆ. ಅದನ್ನು ಪರೀಕ್ಷೆಗೆ ಒಡ್ಡಿದ್ದು ಅಮೆರಿಕದ ಒಬ್ಬ ಪುಟ್ಟ ಹುಡುಗಿ. ರೇಕಿಯ ಹತ್ತಿರದ ಸಂಬಂಧಿ ಎನ್ನಬಹುದಾದ ಥೆರಪ್ಯೂಟಿಕ್ ಟಚ್ ಎಂಬ ಪದ್ಧತಿ ಇದೆ, ಅಲ್ಲೂ ಮೈ ಸುತ್ತಲಿನ ಶಕ್ತಿಯನ್ನು ಕೈಯಿಂದ ಗ್ರಹಿಸುವ ಮಾತೇ. ಎಮಿಲಿ ರೋಸಾ ಎಂಬ ಆ ಬಾಲಕಿ ಒಂಬತ್ತನೆಯ ವಯಸ್ಸಿನಲ್ಲಿ, ಶಾಲೆಯ ವಿಜ್ಞಾನ ಪ್ರದರ್ಶನಕ್ಕೆಂದು, ಆ ಪದ್ಧತಿ ಬಲ್ಲವರನ್ನು ಕೂರಿಸಿ ನಡುವೆ ರಟ್ಟಿನ ತಡಿಕೆ ಇಟ್ಟಳು. ತಡಿಕೆಯ ಕೆಳಗಿನ ತೂತುಗಳಲ್ಲಿ ಅವರು ಎರಡೂ ಕೈ ಅಂಗಾತ ಚಾಚಬೇಕು. ಅವಳು ನಾಣ್ಯ ಚಿಮ್ಮಿ, ಎಡವೋ ಬಲವೋ ಬಿದ್ದ ಕಡೆ ತನ್ನ ಕೈಯನ್ನು ಸ್ವಲ್ಪ ಮೇಲೆ ಹಿಡಿಯುತ್ತಾಳೆ. ಯಾವ ಕೈಯ ಮೇಲಿದೆ ಹೇಳಿ, ಅಷ್ಟೆ. ಒಟ್ಟು 21 ಮಂದಿ, 280 ಸಲ ಪ್ರಯತ್ನ. ಸರಿಯುತ್ತರ ಬಂದದ್ದು 123 ಸಲ, ಅಂದರೆ ಶೇ. 44. ಸುಮ್ಮನೆ ಊಹೆ ಮಾಡಿದ್ದರೂ ಅರ್ಧದಷ್ಟು ಸರಿಯಾಗುತ್ತಿತ್ತು. 1998ರಲ್ಲಿ ಅಮೆರಿಕದ ವೈದ್ಯಸಂಘದ ಪತ್ರಿಕೆ ಇದನ್ನು ಪ್ರಕಟಿಸಿತು. ಕೈ ಚಾಚಿ ಕೂತವರು ಮೋಸಗಾರರಾಗಿರಲಿಲ್ಲ ಎಂಬುದನ್ನು ಒತ್ತಿ ಹೇಳಬೇಕು. ತಮಗೆ ಅನುಭವಕ್ಕೆ ಬರುತ್ತದೆಂದು ಮನಸಾರೆ ನಂಬಿದವರು ಅವರು.

ನಿಮ್ಮ ಅಕ್ಕನಿಗೆ ನೇರವಾಗಿ ಅನ್ವಯಿಸುವ ಅಧ್ಯಯನ ಇನ್ನೊಂದಿದೆ, 2011ರದ್ದು. ಕಿಮೋ ಪಡೆಯುತ್ತಿದ್ದ 189 ಮಂದಿಯನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ತರಬೇತಾದ ನರ್ಸ್‌ನಿಂದ ನಿಜವಾದ ರೇಕಿ. ಇನ್ನೊಂದಕ್ಕೆ ರೇಕಿ ಗೊತ್ತಿಲ್ಲದವರಿಂದ ನೋಡಲು ಹಾಗೆಯೇ ಕಾಣುವ ನಕಲಿ ರೇಕಿ. ಮೂರನೆಯ ಗುಂಪಿಗೆ ಎಂದಿನ ಆರೈಕೆ ಮಾತ್ರ. ರೇಕಿ ಪಡೆದವರಿಗೆ ನೆಮ್ಮದಿ ಹೆಚ್ಚಿತು. ನಕಲಿ ರೇಕಿ ಪಡೆದವರಿಗೂ ಹೆಚ್ಚಿತು. ಎಂದಿನ ಆರೈಕೆಯವರಿಗೆ ಆ ಮಟ್ಟದ ನೆಮ್ಮದಿ ಸಿಗಲಿಲ್ಲ.

ಇದನ್ನು ಓದಿ ರೇಕಿ ಸುಳ್ಳು ಎಂದು ಪುಟ ಮಗುಚುವವರೇ ಹೆಚ್ಚು. ನನಗೆ ಇಲ್ಲಿ ಕಾಣುವುದು ಬೇರೆ. ಡ್ರಿಪ್ ಹಾಕಿಸಿಕೊಂಡು ಗಂಟೆಗಟ್ಟಲೆ ಒಬ್ಬರೇ ಕೂರುವ ರೋಗಿಯ ಪಕ್ಕದಲ್ಲಿ ಒಬ್ಬರು ಬಂದು, ಅವಸರವಿಲ್ಲದೆ, ಸೂಜಿ ಚುಚ್ಚದೆ, ಬರೀ ಅವರಿಗಾಗಿಯೇ ಕೈಯಿಟ್ಟು ಕೂತರೆ ಜೀವಕ್ಕೆ ಎಷ್ಟು ಸಮಾಧಾನ ಎಂಬುದನ್ನು ಈ ಅಧ್ಯಯನ ತೋರಿಸಿಕೊಟ್ಟಿದೆ. ಆಪರೇಷನ್, ಸ್ಕ್ಯಾನ್, ಇಂಜೆಕ್ಷನ್ ಎಂದು ತಿಂಗಳುಗಟ್ಟಲೆ ಆ ದೇಹವನ್ನು ಮುಟ್ಟಿದವರೆಲ್ಲ ಏನೋ ಒಂದು ಕೆಲಸಕ್ಕಾಗಿ ಮುಟ್ಟಿದವರು. ಸುಮ್ಮನೆ ಹಿತಕ್ಕಾಗಿ ಮುಟ್ಟಿದವರು ಕಡಿಮೆ. ಆ ಹಿತಕ್ಕೆ ರೇಕಿ ಕಲಿಯುವವರಿಗೆ ಕೊಡುವ ದೀಕ್ಷೆಯಾಗಲೀ ಸಂಕೇತಗಳಾಗಲೀ ಬೇಕಿಲ್ಲ. ಹೀಲರ್ ಬರದ ದಿನ ನೀವೇ ಅಕ್ಕನ ಹಣೆಯ ಮೇಲೆ ಕೈಯಿಟ್ಟು ಅರ್ಧ ಗಂಟೆ ಕೂತುಬಿಡಿ.

ಉಳಿದ ಕಾಯಿಲೆಗಳ ಮಾತು ಚಿಕ್ಕದು. ಮೈತುಂಬಾ ನೋವು ಕೊಡುವ ಫೈಬ್ರೊಮಯಾಲ್ಜಿಯಾ ಇದ್ದ 100 ಮಂದಿಯ ಮೇಲೆ 2008ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ರೇಕಿಯನ್ನು ಪೂರ್ತಿ ಕಲಿತ ಮಾಸ್ಟರ್‌ಗಳ ಜೊತೆ ಮಾಸ್ಟರ್‌ಗಳಂತೆ ನಟಿಸುವವರನ್ನೂ ಬಳಸಿದರು. ನೋವು ಯಾರ ಕೈಯಲ್ಲೂ ಇಳಿಯಲಿಲ್ಲ. ಖಿನ್ನತೆ, ಆತಂಕಗಳ ಬಗ್ಗೆ ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗಿನೋಡುವ ಕೊಕ್ರೇನ್ ಸಂಸ್ಥೆ 2015ರಲ್ಲಿ ಹುಡುಕಿದಾಗ ಲೆಕ್ಕಕ್ಕೆ ಸಿಕ್ಕಿದ್ದು ಮೂರೇ ಅಧ್ಯಯನ, ಅದರಿಂದ ಹೌದು ಅಲ್ಲ ಎಂದು ಹೇಳುವಂತಿಲ್ಲ ಎಂದು ಅವರು ಬರೆದರು.

ಸಾವಿರಾರು ವರ್ಷದ ವಿದ್ಯೆ ಎಂದೂ ನಿಮಗೆ ಯಾರಾದರೂ ಹೇಳಿಯಾರು. ಈಗ ಚಾಲ್ತಿಯಲ್ಲಿರುವ ರೇಕಿ ಶುರುವಾದದ್ದು 1922ರಲ್ಲಿ, ಜಪಾನಿನ ಮಿಕಾವೊ ಉಸುಯಿ ಅವರಿಂದ. ಕ್ಯೋಟೊ ಬಳಿಯ ಕುರಾಮಾ ಬೆಟ್ಟದಲ್ಲಿ ಉಪವಾಸ, ಧ್ಯಾನ ನಡೆಸಿದಾಗ ಅದು ಅವರಿಗೆ ಒಲಿಯಿತು ಎಂಬುದು ಪರಂಪರೆಯ ನಂಬಿಕೆ. ಅವರ ಶಿಷ್ಯ, ನೌಕಾಪಡೆಯಲ್ಲಿದ್ದ ಚುಜಿರೊ ಹಯಾಶಿ ಅವರ ಚಿಕಿತ್ಸಾಲಯಕ್ಕೆ ರೋಗಿಯಾಗಿ ಬಂದ ಹವಾಯೊ ಟಕಾಟಾ, ಅದನ್ನು ಕಲಿತು 1930ರ ದಶಕದ ಕೊನೆಗೆ ಹವಾಯಿಗೆ ಒಯ್ದರು. ಅಲ್ಲಿಂದ ಅದು ಪಶ್ಚಿಮಕ್ಕೆ ಹಬ್ಬಿತು. ಉಸುಯಿ ಹೇಳಿಕೊಟ್ಟ ಐದು ಸೂತ್ರಗಳು ಇಂದಿಗೂ ಬಳಕೆಯಲ್ಲಿವೆ: ಇವತ್ತೊಂದು ದಿನ ಸಿಟ್ಟು ಮಾಡಬೇಡ, ಚಿಂತೆ ಮಾಡಬೇಡ, ಕೃತಜ್ಞನಾಗಿರು, ಮಾಡುವ ಕೆಲಸವನ್ನು ಶ್ರದ್ಧೆಯಿಂದ ಮಾಡು, ಎಲ್ಲರಲ್ಲಿ ದಯೆಯಿಡು. ರೋಗಿಯಾದವರಿಗೆ ಒಳ್ಳೆಯ ಮಾತುಗಳೇ. ರೇಕಿಯಲ್ಲಿ ನನಗೆ ಬಹಳ ಮೆಚ್ಚುಗೆಯಾಗುವ ಭಾಗವೂ ಇದೇ.

ಇನ್ನು ಅಪಾಯದ ವಿಚಾರ. ಅಂಗೈ ಇಡುವುದರಲ್ಲಿ ಅಪಾಯ ಇಲ್ಲ. ಆಪರೇಷನ್ ಗಾಯದ ಮೇಲೆ, ಔಷಧಿ ಕೊಡಲು ಚರ್ಮದಡಿ ಕೂರಿಸುವ ಕಿಮೋ ಪೋರ್ಟ್ ಇದ್ದರೆ ಅದರ ಮೇಲೆ ಕೈ ಊರಬೇಡಿ ಎಂದು ಮೊದಲೇ ಹೇಳಿ. ಕೆಮ್ಮು ನೆಗಡಿ ಇರುವ ಹೀಲರ್ ಅವತ್ತು ಬರುವುದೇ ಬೇಡ, ಕಿಮೋದಲ್ಲಿ ರೋಗನಿರೋಧಕ ಶಕ್ತಿ ಕುಗ್ಗಿರುತ್ತದೆ. ಮಾಡಿಸುತ್ತಿರುವ ವಿಷಯ ಡಾಕ್ಟರಿಗೆ ತಿಳಿಸಿಬಿಡಿ, ಮುಚ್ಚಿಡುವಂಥದ್ದೇನೂ ಇಲ್ಲ.

ದೊಡ್ಡ ಅಪಾಯ ಇರುವುದು ಜೊತೆಗೆ ಬರುವ ಮಾತುಗಳಲ್ಲಿ. ‘ಕಿಮೋ ವಿಷ, ಅದನ್ನು ನಿಲ್ಲಿಸಿದರೇ ಶಕ್ತಿ ಹರಿಯುವುದು’ ಎಂದವರನ್ನು ಮತ್ತೆ ಮನೆಯೊಳಗೆ ಬಿಟ್ಟುಕೊಳ್ಳಬೇಡಿ. ಬೇರೆ ಕಡೆಗೆ ಹರಡದ, ಗುಣಪಡಿಸಬಹುದಾದ ಹಂತದ ಕ್ಯಾನ್ಸರ್ ಇದ್ದೂ ಆಸ್ಪತ್ರೆಯ ಚಿಕಿತ್ಸೆ ಬಿಟ್ಟು ಬರೀ ಪರ್ಯಾಯ ಚಿಕಿತ್ಸೆ ಹಿಡಿದ 281 ಮಂದಿಯ ದಾಖಲೆಯನ್ನು ಅಮೆರಿಕದಲ್ಲಿ ಪರಿಶೀಲಿಸಿದ್ದಾರೆ, 2018ರ ವರದಿ ಅದು. ಆಸ್ಪತ್ರೆಯ ಚಿಕಿತ್ಸೆ ಪಡೆದವರಿಗಿಂತ ಅವರ ಸಾವಿನ ಅಪಾಯ ಎರಡೂವರೆ ಪಟ್ಟು ಹೆಚ್ಚಿತ್ತು, ಸ್ತನ ಕ್ಯಾನ್ಸರಿನಲ್ಲಿ ಐದು ಪಟ್ಟಿಗೂ ಮೀರಿ. ಅದು ಬರೀ ರೇಕಿಯ ಲೆಕ್ಕವಲ್ಲ, ಎಲ್ಲ ಬಗೆಯ ಪರ್ಯಾಯ ಪದ್ಧತಿಗಳೂ ಸೇರಿವೆ. ಯಾವ ಪದ್ಧತಿ ಎನ್ನುವುದಕ್ಕಿಂತ ಏನನ್ನು ಬಿಟ್ಟರು ಎನ್ನುವುದೇ ಅಲ್ಲಿ ಜೀವಕ್ಕೆ ಎರವಾದದ್ದು.

ಇನ್ನೊಂದು ಮಾತು ಇಷ್ಟು ಒರಟಾಗಿ ಬರುವುದಿಲ್ಲ, ಹಾಗಾಗಿ ಹೆಚ್ಚು ಎಚ್ಚರ ಬೇಕು. ರೇಕಿಯ ನಂತರ ತಲೆನೋವು, ಸುಸ್ತು, ಜ್ವರ ಬಂದರೆ ಅದನ್ನು ‘ಹೀಲಿಂಗ್ ಕ್ರೈಸಿಸ್’ ಎನ್ನುವ ರೂಢಿ ಇದೆ. ಒಳಗಿನ ಕೆಟ್ಟದ್ದು ಹೊರಬರುತ್ತಿದೆ, ಎರಡು ದಿನ ತಡೆದುಕೊಳ್ಳಿ ಅಂತಾರೆ. ಕಿಮೋದಲ್ಲಿರುವವರ ಮಟ್ಟಿಗೆ ಇದು ಪ್ರಾಣಾಂತಿಕ ಸಲಹೆ. ಬಿಳಿ ರಕ್ತಕಣ ಇಳಿದಿರುವಾಗ ಬರುವ ಜ್ವರ ಸೋಂಕಿನ ಒಂದೇ ಒಂದು ಸೂಚನೆಯಾಗಿರಬಹುದು, ಕೆಲವೇ ಗಂಟೆಗಳಲ್ಲಿ ಕೈಮೀರಬಹುದು. ಮನೆಯಲ್ಲಿ ಥರ್ಮಾಮೀಟರ್ ಇಟ್ಟುಕೊಳ್ಳಿ. 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ, ಅದು ನಡುರಾತ್ರಿಯೇ ಆಗಿರಲಿ, ಹೀಲರ್‌ಗೆ ಫೋನ್ ಮಾಡುತ್ತಾ ಕೂರಬೇಡಿ. ಕಿಮೋ ಕೊಡುತ್ತಿರುವ ಆಸ್ಪತ್ರೆಗೆ ಕರೆ ಮಾಡಿ ಆಗಲೇ ಹೊರಡಿ.