ಚಡ್ಡಿ ಹಾಕಿಕೊಳ್ಳುವುದನ್ನು ಯಾವ ತುದಿಯಿಂದ ಕಲಿಸುವುದು?

ಪ್ರಶ್ನೆ: ನನ್ನ ಮಗನಿಗೆ 7 ವರ್ಷ, ಆಟಿಸಂ ಇದೆ. ಸ್ನಾನವಾದ ಮೇಲೆ ಚಡ್ಡಿ ಕೊಟ್ಟರೆ ಹಿಡಿದುಕೊಂಡು ನಿಲ್ಲುತ್ತಾನೆ. ಎಷ್ಟು ಹೇಳಿಕೊಟ್ಟರೂ ಅಷ್ಟೇ, ಕೊನೆಗೆ ನಾನೇ ಹಾಕುತ್ತೇನೆ. ಏನು ಮಾಡಲಿ?
– ಒಬ್ಬ ತಾಯಿ, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ಸದ್ಯಕ್ಕೆ ನೀವೇ ಹಾಕಿ. ಆದರೆ ಸೊಂಟಕ್ಕೇರಿಸುವ ಕೊನೆಯ ಎಳೆತವನ್ನು ಅವನಿಗೆ ಬಿಡಿ.

ನಮಗೆ ಒಂದೇ ಎನಿಸುವ ಈ ಕೆಲಸದೊಳಗೆ ಆರು ಕೆಲಸಗಳಿವೆ: ಮುಂದು ಹಿಂದು ಗುರುತಿಸಬೇಕು, ಇಲಾಸ್ಟಿಕ್ಕನ್ನು ಎರಡೂ ಕೈಯಲ್ಲಿ ಹಿಡಿಯಬೇಕು, ಒಂದು ಕಾಲು ತೂರಿಸಬೇಕು, ಇನ್ನೊಂದನ್ನೂ ತೂರಿಸಬೇಕು, ಮೊಣಕಾಲಿನವರೆಗೆ ಎಳೆಯಬೇಕು, ಎದ್ದು ಸೊಂಟಕ್ಕೇರಿಸಬೇಕು. ವರ್ತನಾ ತರಬೇತಿಯಲ್ಲಿ ಕೆಲಸವನ್ನು ಹೀಗೆ ಬಿಡಿಸಿಕೊಂಡು, ಹಲವು ಸಲ ಕೊನೆಯ ಹಂತದಿಂದ ಹಿಂದಕ್ಕೆ ಕಲಿಸುತ್ತಾರೆ. ಮೊದಲಿನಿಂದ ಶುರುಮಾಡಿದ ಮಗು ಅರ್ಧದಲ್ಲೇ ಸೋಲಬಹುದು. ಕೊನೆಯಿಂದ ಕಲಿತದ್ದಕ್ಕೆ ಪ್ರತಿ ಸಲವೂ ಕೆಲಸ ಮುಗಿಸಿದ್ದು ತಾನೇ. ಆ ಎಳೆತ ಕೆಲವು ದಿನ ನೆರವಿಲ್ಲದೆ ಬಂತೆಂದರೆ, ಮೊಣಕಾಲಿನಿಂದ ಮೇಲಿನದ್ದನ್ನು ಪೂರ್ತಿ ಅವನಿಗೇ ಬಿಡಿ.

ಮಣೆಯ ಮೇಲೆ ಕೂರಿಸಿ, ನೀವು ಅವನ ಬೆನ್ನ ಹಿಂದೆ ಇರಿ. ಮೊದಲು ಅವನ ಕೈಮೇಲೆ ನಿಮ್ಮ ಕೈ, ಆಮೇಲೆ ಮೊಣಕೈಗೆ ಒಂದು ಸ್ಪರ್ಶ, ಆಮೇಲೆ ಅದೂ ಬೇಡ. ಬಾಯಿಗೆ ಮಾತ್ರ ಬಿಡುವು ಕೊಡಿ. 'ಹಾಕು, ಹಾಕು' ಎನ್ನುವುದು ರೂಢಿಯಾದರೆ, ಹೇಳುವವರಿಲ್ಲದೆ ಕೈ ಓಡುವುದಿಲ್ಲ. ಎಳೆದ ಕೂಡಲೇ ಅವನಿಗೆ ಇಷ್ಟವಾದದ್ದು ಸಿಗಬೇಕು, ಹಲಸಿನ ಹಪ್ಪಳದ ಚೂರಾದರೂ ಸರಿ. ಸಂಜೆ ಕೊಡುತ್ತೇನೆಂದರೆ ಲೆಕ್ಕಕ್ಕಿಲ್ಲ.

ಇನ್ನೊಂದು ಅನುಮಾನವೂ ನನಗಿದೆ. ಮಳೆಗಾಲದಲ್ಲಿ ನಮ್ಮ ಕಡೆ ಬಟ್ಟೆ ಒಣಗುವುದು ಬಚ್ಚಲೊಲೆಯ ಮೇಲಿನ ಹಗ್ಗದಲ್ಲಿ. ಅರೆ ತೇವ, ಹೊಗೆ ವಾಸನೆ. ಆಟಿಸಂ ಇರುವ ಅನೇಕ ಮಕ್ಕಳಿಗೆ ಇದು ತಡೆಯಲಾಗದ ಕಿರಿಕಿರಿ. ಚೆನ್ನಾಗಿ ಒಣಗಿದ ಹಳೆಯ ಮೆತ್ತನೆಯ ಚಡ್ಡಿಯೊಂದನ್ನು ಕೊಟ್ಟು ನೋಡಿ. ಹಟ ಎಂದುಕೊಂಡದ್ದು ಹಟವಲ್ಲದಿರಬಹುದು.

ಹೆದರಿಸಿ ಕಲಿಸಬೇಡಿ. ಆಟಿಸಂ ಮಕ್ಕಳ ವರ್ತನಾ ತರಬೇತಿಗೆ ಹೆಸರು ತಂದ ಅಮೆರಿಕದ ಮನಶ್ಶಾಸ್ತ್ರಜ್ಞ ಲೋವಾಸ್ 1987ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮಕ್ಕಳಿಗೆ ವಾರಕ್ಕೆ 40 ಗಂಟೆ ತರಬೇತಿಯಿತ್ತು, ಗದರಿಕೆಯೂ ತೊಡೆಗೊಂದು ಏಟೂ ಇದ್ದವು. ಅಂಥ ತರಬೇತಿಯಲ್ಲಿ ಬೆಳೆದ ಹಲವರು ಮುಂದೆ ಅದರ ನೋವನ್ನು ಹೇಳಿಕೊಂಡಿದ್ದಾರೆ. ನೆಂಟರೆದುರು 'ಕಣ್ಣಿಟ್ಟು ನೋಡಿ ಮಾತಾಡು' ಎಂದು ಗಲ್ಲ ಹಿಡಿದು ತಿರುಗಿಸುವುದೂ ಅದೇ ಜಾತಿಯದು. ಅದರ ಬದಲು 'ಸಾಕು' ಎನ್ನುವುದನ್ನು, ಮಾತು ಬಾರದಿದ್ದರೆ ಕೈಸನ್ನೆಯಲ್ಲಿ, ಕಲಿಸಿ. ಅವನು ಸಾಕೆಂದಾಗ ನೆಂಟರ ನಡುವಿನಿಂದ ಎದ್ದುಹೋಗಲು ಬಿಡಿ.

ಬೆಳಿಗ್ಗೆ ಶಾಲೆಯ ವ್ಯಾನು ಹಾರ್ನ್ ಹೊಡೆಯುವಾಗ ಇದೆಲ್ಲ ಆಗದು. ಸಂಜೆಯ ಸ್ನಾನಕ್ಕೆ ಇಟ್ಟುಕೊಳ್ಳಿ, ಅಜ್ಜಿಗೂ ಮೊದಲೇ ಹೇಳಿರಿ. ಅಯ್ಯೋ ಪಾಪ ಎಂದು ಅವರು ಪೂರ್ತಿ ಏರಿಸಿಬಿಡುತ್ತಾರೆ.