ಸಿಂಬಿಯೋಸೀನ್: ಕಲ್ಲಿದ್ದಲ ಕಣಿವೆ ಕಂಡ ಕನಸು

ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ರಾಜ್ಯದ ಹಂಟರ್ ಕಣಿವೆ ದ್ರಾಕ್ಷಿ ತೋಟಗಳಿಗೂ ಕುದುರೆ ಸಾಕಣೆಗೂ ಹೆಸರಾದ ಸೀಮೆ. ಕಳೆದ ಶತಮಾನದ ಕೊನೆಯ ಹೊತ್ತಿಗೆ ಅಲ್ಲಿ ತೆರೆದ ಕಲ್ಲಿದ್ದಲು ಗಣಿಗಳು ಹಬ್ಬಿಕೊಂಡವು. ದೂಳು, ಸಿಡಿಮದ್ದಿನ ಸದ್ದು, ರಾತ್ರಿಯಿಡೀ ದೀಪಗಳ ಬೆಳಕು. ಜನ ಊರು ಬಿಟ್ಟಿರಲಿಲ್ಲ, ಊರೇ ಅವರ ಕೈಬಿಡುತ್ತಿತ್ತು. ನ್ಯೂಕಾಸಲ್ ವಿಶ್ವವಿದ್ಯಾಲಯದಲ್ಲಿದ್ದ ಪರಿಸರ ತತ್ತ್ವಜ್ಞಾನಿ ಗ್ಲೆನ್ ಆಲ್ಬ್ರೆಕ್ಟ್ 2003ರಲ್ಲಿ ಈ ಸಂಕಟಕ್ಕೆ ‘ಸೊಲಾಸ್ಟಾಲ್ಜಿಯಾ’ ಎಂದು ಹೆಸರಿಟ್ಟರು. ಮನೆಯಲ್ಲೇ ಇದ್ದು ಮನೆಗಾಗಿ ಪರಿತಪಿಸುವ ನೋವು ಅದು.

ನೋವಿಗೆ ಹೆಸರಿಟ್ಟವರಿಗೆ ಅದರಿಂದ ಹೊರಬರುವ ದಾರಿಗೂ ಒಂದು ಹೆಸರು ಬೇಕಾಯಿತು. 2011ರಲ್ಲಿ ಅವರು ಟಂಕಿಸಿದ ‘ಸಿಂಬಿಯೋಸೀನ್’, ಮನುಷ್ಯ ಉಳಿದ ಜೀವಿಗಳೊಡನೆ ಕೂಡಿ ಬಾಳುವ ಮುಂದಿನ ಯುಗ. ನಾವು ತಯಾರಿಸುವುದೆಲ್ಲ ಮಣ್ಣಿಗೆ ಮರಳುವಂತಿರಬೇಕು, ವಿಷ ಉಳಿಯಬಾರದು, ಶಕ್ತಿ ನವೀಕರಿಸಬಹುದಾದ ಮೂಲಗಳಿಂದ ಬರಬೇಕು. ಅದರ ತಿರುಳು ಇಷ್ಟೇ.

ಇದು ‘ಆಂಥ್ರೊಪೊಸೀನ್’ಗೆ ಕೊಟ್ಟ ಉತ್ತರ. ಮನುಷ್ಯನೇ ಭೂಮಿಯ ಗತಿ ಬದಲಿಸಿದ ಯುಗ ಎಂಬರ್ಥದ ಆ ಪದವನ್ನು ವಿಜ್ಞಾನಿಗಳಾದ ಪೌಲ್ ಕ್ರುಟ್ಜನ್ ಮತ್ತು ಯೂಜಿನ್ ಸ್ಟಾರ್ಮರ್ 2000ದಲ್ಲಿ ಮುಂದಿಟ್ಟಿದ್ದರು. ಆ ಯುಗದಲ್ಲಿ ನೆಲೆಯೂರುವ ಬದಲು ಆದಷ್ಟು ಬೇಗ ಅದರಿಂದ ಹೊರಬೀಳಬೇಕು ಎಂಬುದು ಆಲ್ಬ್ರೆಕ್ಟ್ ವಾದ. ಇಂಥ ಆಸೆ ಅವರಿಗಿಂತ ಮೊದಲೇ ಇತ್ತು. ಅಮೆರಿಕದ ಕ್ಯಾಥೊಲಿಕ್ ಪಾದ್ರಿ ಥಾಮಸ್ ಬೆರ್ರಿ ಮನುಷ್ಯ ಮತ್ತು ಭೂಮಿ ಪರಸ್ಪರ ಪೋಷಿಸುವ ‘ಇಕೊಜೋಯಿಕ್’ ಯುಗದ ಮಾತಾಡಿದ್ದರು. ತಮಾಷೆಯೆಂದರೆ, ಭೂವಿಜ್ಞಾನಿಗಳ ಉಪಸಮಿತಿ 2024ರಲ್ಲಿ ಆಂಥ್ರೊಪೊಸೀನನ್ನೇ ಮತದಾನದಲ್ಲಿ ತಿರಸ್ಕರಿಸಿತು. ಅಧಿಕೃತ ಲೆಕ್ಕದಲ್ಲಿ ನಾವಿನ್ನೂ 11,700 ವರ್ಷಗಳ ಹಿಂದೆ ಶುರುವಾದ ಹೊಲೊಸೀನ್‌ನಲ್ಲೇ ಇದ್ದೇವೆ. ಆಂಥ್ರೊಪೊಸೀನ್‌ಗೇ ಮುದ್ರೆ ಬೀಳದಿರುವಾಗ ಮುಂದಿನದಕ್ಕೆ ನಾಮಕರಣ ಆಗಿಹೋಗಿದೆ!

ನನಗೆ ಕಾಡುವ ತಕರಾರು ಬೇರೆ. ಸಹಜೀವನ ಎಂದೊಡನೆ ನಾವು ಸಾಮರಸ್ಯ ಎಂದುಕೊಳ್ಳುತ್ತೇವೆ. ಆದರೆ 1879ರಲ್ಲಿ ಜರ್ಮನಿಯ ಸಸ್ಯವಿಜ್ಞಾನಿ ಆಂಟೋನ್ ಡಿ ಬಾರಿ ‘ಸಿಂಬಯೋಸಿಸ್’ ಅನ್ನು ವಿವರಿಸಿದಾಗ, ಕಲ್ಲುಹೂವಿನಲ್ಲಿ ಶಿಲೀಂಧ್ರವೂ ಪಾಚಿಯೂ ಕೂಡಿರುವುದರ ಜೊತೆಗೆ ಪರಾವಲಂಬಿಗಳನ್ನೂ ಅದರೊಳಗೆ ಸೇರಿಸಿದ್ದರು. ರಕ್ತ ಹೀರುವವರೂ ಒಟ್ಟಿಗೇ ಬಾಳುವವರೇ. ಆಲ್ಬ್ರೆಕ್ಟ್ ಆಸರೆ ಪಡೆದದ್ದು ಮರದ ಬೇರುಗಳಿಗೂ ಶಿಲೀಂಧ್ರಗಳಿಗೂ ಇರುವ ನಂಟಿನಿಂದ. ಆ ನಂಟಿನ ಬಗ್ಗೆ ಅನುಮಾನವಿಲ್ಲ. ಆದರೆ ಕಾಡಿನ ಮರಗಳು ಶಿಲೀಂಧ್ರಜಾಲದ ಮೂಲಕ ಒಂದಕ್ಕೊಂದು ಆಹಾರ ಹಂಚುತ್ತವೆ ಎಂಬ ಜನಪ್ರಿಯ ಕಥೆಗೆ ಪುರಾವೆ ಸಾಲದು ಎಂದು 2023ರಲ್ಲಿ ಮೂವರು ಸಂಶೋಧಕರ ವಿಮರ್ಶೆಯೊಂದು ಹೇಳಿತು. ಕಾಡು ಅಷ್ಟು ಉದಾರವಲ್ಲದಿದ್ದರೂ ಗಣಿ ಮುಚ್ಚಬೇಕು, ವಿಷ ಉಳಿಸಬಾರದು ಎಂಬ ವಾದಕ್ಕೆ ಕುಂದಿಲ್ಲ. ಅದಕ್ಕೆ ಮರಗಳ ಸಾಕ್ಷಿಯೂ ಬೇಕಿರಲಿಲ್ಲ.