ಸ್ಪ್ರಿಂಗೂ ಇಲ್ಲ, ಜಿಪಿಎಸ್ಸೂ ಇಲ್ಲ: ಪ್ರಜ್ಞಾನ್ ಓಡಾಡಿದ್ದು ಹೇಗೆ?

ಪ್ರಶ್ನೆ: ಚಂದ್ರಯಾನ-3ರ ಪ್ರಜ್ಞಾನ್ ರೋವರ್‌ಗೆ ಸ್ಪ್ರಿಂಗಾಗಲಿ ಶಾಕ್ ಅಬ್ಸಾರ್ಬರ್ ಆಗಲಿ ಇರಲಿಲ್ಲವಂತೆ. ಚಂದ್ರನಲ್ಲಿ ಜಿಪಿಎಸ್ ಕೂಡ ಇಲ್ಲ. ಮತ್ತೆ ಅದು ಮಗುಚಿಕೊಳ್ಳದೆ, ಗುಂಡಿಗೆ ಬೀಳದೆ ಓಡಾಡಿದ್ದು ಹೇಗೆ?

ಉತ್ತರ: ಸ್ಪ್ರಿಂಗ್ ಬೇಕಾಗುವುದು ವೇಗಕ್ಕೆ. ಪ್ರಜ್ಞಾನ್ ಸಾಗುತ್ತಿದ್ದುದು ಸೆಕೆಂಡಿಗೆ 1 ಸೆಂ.ಮೀ.; ಚುರುಕಾದ ಇರುವೆ ಅದನ್ನು ಹಿಂದೆ ಹಾಕೀತು. ಅಲ್ಲಿ ಕುಲುಕಾಟದ ಚಿಂತೆಯಿಲ್ಲ, ಚಿಂತೆಯೆಲ್ಲ ಹಿಡಿತದ್ದು. 26 ಕೆ.ಜಿ.ಯ ಈ ಗಾಡಿ ಚಂದ್ರನ ಮೇಲೆ ಇಲ್ಲಿನ ನಾಲ್ಕೂಕಾಲು ಕೆ.ಜಿ.ಯಷ್ಟೇ ತೂಗುತ್ತದೆ. ಆರು ಚಕ್ರಗಳಿಗೆ ಹಂಚಿದರೆ ತಲಾ ಸುಮಾರು 700 ಗ್ರಾಂ. ಕಲ್ಲು ಹತ್ತಿದ ಚಕ್ರದ ಸ್ಪ್ರಿಂಗ್ ಕುಗ್ಗಿದಷ್ಟೂ ಭಾರ ಆ ಚಕ್ರದ ಕಡೆಗೇ ವಾಲುತ್ತದೆ, ಉಳಿದವು ಪುಡಿಮಣ್ಣಿನಲ್ಲಿ ಸುಮ್ಮನೆ ಸುತ್ತುತ್ತವೆ.

ಅದಕ್ಕೇ ರಾಕರ್-ಬೋಗಿ ಎಂಬ, ಸ್ಪ್ರಿಂಗಿಲ್ಲದ ಓಲಾಡುವ ತೋಳುಗಳ ಚಕ್ರವ್ಯವಸ್ಥೆ. 1997ರಲ್ಲಿ ಮಂಗಳದ ಮೇಲೆ ಇಳಿದ ನಾಸಾದ ಸೋಜರ್ನರ್ ರೋವರ್ ಕಾಲದಿಂದ ಬಂದದ್ದು. ಎರಡೂ ಪಕ್ಕದಲ್ಲಿ ಒಂದೊಂದು ಉದ್ದ ತೋಳು, ಅದೇ ರಾಕರ್. ಅದರ ಒಂದು ತುದಿಗೆ ಒಂದು ಚಕ್ರ. ಇನ್ನೊಂದು ತುದಿಯಲ್ಲಿ ತಕ್ಕಡಿ ದಂಡಿಗೆಯಂತೆ ಓಲಾಡುವ ಗಿಡ್ಡ ತೋಳು, ಅಂದರೆ ಬೋಗಿ, ಅದಕ್ಕೆ ಎರಡು ಚಕ್ರ. ಬೋಗಿಯ ಒಂದು ಚಕ್ರ 50 ಮಿ.ಮೀ. ಕಲ್ಲನ್ನು ಏರಿದರೆ, ನಡುವಿನ ಕೀಲು ಏರುವುದು ಅರ್ಧದಷ್ಟೇ. ಎಡ-ಬಲ ರಾಕರ್‌ಗಳನ್ನು ಒಂದು ಡಿಫರೆನ್ಷಿಯಲ್, ಅಂದರೆ ಎರಡೂ ಪಕ್ಕದ ವಾಲಿಕೆಯ ಸರಾಸರಿಯಷ್ಟೇ ಒಡಲಿಗೆ ದಾಟಿಸುವ ಜೋಡಣೆ, ಜೋಡಿಸುತ್ತದೆ: ಒಂದು ಪಕ್ಕ 10 ಡಿಗ್ರಿ ವಾಲಿದರೆ ಒಡಲು ವಾಲುವುದು 5 ಡಿಗ್ರಿ. ಮೋಟಾರು ಚಕ್ರಕ್ಕಷ್ಟೇ, ಈ ಓಲಾಟವನ್ನು ಯಾವ ಕಂಪ್ಯೂಟರೂ ನಿಯಂತ್ರಿಸುವುದಿಲ್ಲ.

ಪ್ರಜ್ಞಾನ್ ದಾಟಬಲ್ಲ ಅಡ್ಡಿಯ ಮಿತಿಯೂ 50 ಮಿ.ಮೀ. ಅದಕ್ಕಿಂತ ದೊಡ್ಡದನ್ನು ಮೊದಲೇ ಕಂಡುಹಿಡಿಯಬೇಕು, ಆ ಕೆಲಸ ಮುಂಭಾಗದ ಜೋಡಿ ಕ್ಯಾಮೆರಾಗಳದು. ಅವನ್ನು ರೂಪಿಸಿದ್ದು ಬೆಂಗಳೂರಿನಲ್ಲಿರುವ ಇಸ್ರೋದ ಲಿಯೋಸ್ ಪ್ರಯೋಗಾಲಯ. ಈ ಎರಡು ಕಣ್ಣಿನ ಚಿತ್ರಗಳು, ಪ್ರಜ್ಞಾನ್‌ನನ್ನು ಚಂದ್ರನ ಮೇಲೆ ಇಳಿಸಿದ ವಿಕ್ರಮ್ ಲ್ಯಾಂಡರ್ ಮೂಲಕ ಭೂಮಿಗೆ ಬರುತ್ತಿದ್ದವು. ಇಲ್ಲಿ ಅವುಗಳಿಂದ ನೆಲದ ಏರಿಳಿತದ ನಕ್ಷೆ ಮಾಡಿ, ದಾರಿ ಗುರುತಿಸಿ ಆದೇಶ ಕಳಿಸುತ್ತಿದ್ದರು. ಆ ನಕ್ಷೆ ನಂಬಲರ್ಹವಾಗಿದ್ದುದು ಸುಮಾರು 5 ಮೀಟರ್‌ವರೆಗೆ, ಹಾಗಾಗಿ ಒಂದು ಆದೇಶಕ್ಕೆ ಹೆಚ್ಚೆಂದರೆ 5 ಮೀಟರ್ ನಡಿಗೆ, ಅಂದರೆ ಎಂಟು ನಿಮಿಷ ಚಿಲ್ಲರೆ. 2023ರ ಆಗಸ್ಟ್ 27ರಂದು 3 ಮೀಟರ್ ಮುಂದೆ 4 ಮೀಟರ್ ಅಗಲದ ಕುಳಿ ಕಂಡಿತು. ಬಂದ ದಾರಿಯಲ್ಲೇ ವಾಪಸ್ಸು ಕಳಿಸಿದರು.

ಹಾಗಾದರೆ ಚಕ್ರದ ಸುತ್ತು ಎಣಿಸಿ ದೂರ ಲೆಕ್ಕ ಹಾಕಬಾರದೇ? ಹಾಕಬಹುದು, ನಂಬಬಾರದು. ಚಕ್ರ 100 ಸೆಂ.ಮೀ. ಉರುಳಿ ಗಾಡಿ 70 ಸೆಂ.ಮೀ. ಸಾಗಿದ್ದರೆ 30% ಜಾರಿಕೆ. ಹಿಂದಿನ ಮತ್ತು ಈಗಿನ ಚಿತ್ರಗಳಲ್ಲಿ ಅದೇ ಕಲ್ಲುಗಳು ಎಷ್ಟು ಸರಿದಿವೆ ಎಂದು ಹೋಲಿಸಿದರೆ ಮಾತ್ರ ನಿಜ ತಿಳಿಯುತ್ತದೆ. ಜಾರಿಕೆ 100% ಮುಟ್ಟಿದರೆ ಚಕ್ರ ತಾನೇ ತನ್ನ ಗುಂಡಿ ತೋಡಿಕೊಂಡಂತೆ. 2009ರಲ್ಲಿ ಮಂಗಳದ ಸ್ಪಿರಿಟ್ ರೋವರ್ ತೆಳು ಹೊರಪದರ ಒಡೆದು ಸಡಿಲ ಮಣ್ಣಿನಲ್ಲಿ ಹೂತಿದ್ದು ಹಾಗೆಯೇ. ಮತ್ತೆ ಮೇಲೆ ಬರಲಿಲ್ಲ.

ಪಿವಿಸಿ ಪೈಪಿನಲ್ಲಿ ಇಂಥ ರೋವರ್‌ನ ಮಾದರಿ ಮಾಡುವವರು ಎಡವುವುದು ಡಿಫರೆನ್ಷಿಯಲ್‌ನಲ್ಲಿ. ರಾಕರ್‌ಗಳನ್ನು ಒಡಲಿಗೆ ಬಿಗಿದರೆ ಕಲ್ಲು ಸಿಕ್ಕಾಗ ಚಕ್ರ ಗಾಳಿಯಲ್ಲಿ ತೇಲುತ್ತದೆ. ಬರೀ ಬೇರಿಂಗ್ ಮೇಲೆ ಬಿಟ್ಟರೆ ಒಡಲು ಮುಗ್ಗರಿಸುತ್ತದೆ. ಗೇರ್ ಸಿಗದಿದ್ದರೆ ಒಡಲಿನ ಮೇಲೆ ನಡುವೆ ತಿರುಗುವ ಅಡ್ಡಪಟ್ಟಿ ಹಾಕಿ, ಅದರ ಎರಡೂ ತುದಿಯನ್ನು ಕಡ್ಡಿಗಳಿಂದ ರಾಕರ್‌ಗಳಿಗೆ ಜೋಡಿಸಿ. ಮಂಗಳದ ಕ್ಯೂರಿಯಾಸಿಟಿ ರೋವರ್‌ನ ಬೆನ್ನಿನ ಮೇಲಿರುವುದೂ ಅಂಥದ್ದೇ ಪಟ್ಟಿ.